ಬಿಡಲಾಗದ ಪದವಿ: ಒಂದು ಬ್ರಿಟಿಷ್ ಪೀರ್ ಕುಟುಂಬದ ಪ್ರಕರಣ ಅಧ್ಯಯನ

1960ರ ನವೆಂಬರ್ 17ರಂದು ಬ್ರಿಟನ್ನಿನ ಹಿರಿಯ ರಾಜಕಾರಣಿಯೊಬ್ಬರು ತೀರಿಕೊಂಡರು. ಅವರ ಮಗ ಲೇಬರ್ ಪಕ್ಷದವರು. ಹತ್ತು ವರ್ಷಗಳಿಂದ ಒಂದೇ ಕ್ಷೇತ್ರದಿಂದ ಹೌಸ್ ಆಫ್ ಕಾಮನ್ಸ್‌ಗೆ ಆಯ್ಕೆಯಾಗಿ ಬಂದಿದ್ದರು. ಯಾವ ಚುನಾವಣೆಯಲ್ಲೂ ಸೋಲದೆ, ಯಾವ ತಪ್ಪನ್ನೂ ಮಾಡದೆ, ರಾಜೀನಾಮೆಯನ್ನೂ ಕೊಡದೆ ಆ ದಿನ ಅವರು ತಮ್ಮ ಸದಸ್ಯತ್ವವನ್ನು ಕಳೆದುಕೊಂಡರು. ತಂದೆಯ ವಿಸ್ಕೌಂಟ್ ಪದವಿ ಕಾನೂನಿನ ಪ್ರಕಾರ ಸಾವಿನ ಕ್ಷಣದಲ್ಲಿಯೇ ಮಗನಿಗೆ ಇಳಿದಿತ್ತು. ಪೀರ್, ಅಂದರೆ ವಿಸ್ಕೌಂಟ್‌ನಂಥ ಕುಲೀನ ಪದವಿಯುಳ್ಳವರು, ಮೇಲ್ಮನೆಗೆ ಸೇರಿದವರೇ ಹೊರತು ಜನರಿಂದ ಆಯ್ಕೆಯಾಗುವ ಕೆಳಮನೆಯಲ್ಲಿ ಕೂರುವಂತಿರಲಿಲ್ಲ. ಮಗನಿಗೆ ಆ ಪದವಿ ಬೇಕಿರಲಿಲ್ಲ. ಬೇಡ ಎನ್ನುವುದಕ್ಕೆ ಕಾನೂನಿನಲ್ಲಿ ದಾರಿಯೂ ಇರಲಿಲ್ಲ.

ಇಲ್ಲಿ ಹೇಳಿರುವುದೆಲ್ಲ ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿ. ಆದರೂ ಕುಟುಂಬದವರ ಮತ್ತು ಅವರ ನೇರ ಎದುರಾಳಿಯ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಮಗ ಮುಂದೆ ದೀರ್ಘಕಾಲ ರಾಜಕಾರಣದಲ್ಲಿದ್ದು ತೀವ್ರ ಅಭಿಮಾನವನ್ನೂ ಅಷ್ಟೇ ತೀವ್ರ ವಿರೋಧವನ್ನೂ ಗಳಿಸಿದವರು. ಹೆಸರು ಹೇಳಿದೊಡನೆ ಓದುವವರ ಮನಸ್ಸು ಆ ಪರ-ವಿರೋಧಗಳ ಕಡೆಗೆ ಹೋಗುತ್ತದೆ. ನನಗೆ ಮುಖ್ಯವಾದದ್ದು 1942ರಿಂದ 1963ರ ನಡುವೆ ಒಂದು ಮನೆಯಲ್ಲಿ ತೆಗೆದುಕೊಂಡ ಕೆಲವು ನಿರ್ಧಾರಗಳು, ಮತ್ತು ಅವುಗಳಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದು. ಹಾಗಾಗಿ ಅವರನ್ನು ತಂದೆ, ಹಿರಿಯ ಮಗ, ಎರಡನೆಯ ಮಗ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಬ್ರಿಟಿಷ್ ಪೀರ್ ಎಂದರೆ ತಲೆತಲಾಂತರದ ಜಮೀನು, ಅರಮನೆಯಂಥ ಮನೆ, ಬೇಟೆಯ ನಾಯಿಗಳು ಎಂಬ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಈ ಕುಟುಂಬ ಅಂಥದ್ದಲ್ಲ. ಪ್ರಕಾಶನ ವ್ಯವಹಾರದಿಂದ ಮೇಲೆ ಬಂದ, ಪ್ರಾಟೆಸ್ಟಂಟ್ ಶ್ರದ್ಧೆಯ, ಸಂಸತ್ತನ್ನೇ ಉಸಿರಾಡಿದ ಮನೆತನ ಇದು. ಮಕ್ಕಳ ಇಬ್ಬರು ತಾತಂದಿರೂ ಲಿಬರಲ್ ಪಕ್ಷದ ಸಂಸದರಾಗಿದ್ದವರು. ತಂದೆ 1906ರಲ್ಲಿ ಲಿಬರಲ್ ಪಕ್ಷದಿಂದ ಕಾಮನ್ಸ್‌ಗೆ ಬಂದರು. 1927ರಲ್ಲಿ ಲೇಬರ್ ಪಕ್ಷ ಸೇರಿದಾಗ, ಹಳೆಯ ಪಕ್ಷದ ಮತಗಳಿಂದ ಗೆದ್ದ ಸ್ಥಾನವನ್ನು ಹೊಸ ಪಕ್ಷಕ್ಕೆ ಕೊಂಡೊಯ್ಯುವುದು ಸರಿಯಲ್ಲವೆಂದು ರಾಜೀನಾಮೆ ಕೊಟ್ಟು, ಬೇರೊಂದು ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು ಮರಳಿದರು. ಸದಸ್ಯತ್ವ ಮತದಾರರಿಗೆ ಸೇರಿದ್ದು ಎಂಬ ತಿಳಿವಳಿಕೆ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಮುಂದೆ ಮಗ ಹಿಡಿದ ಹಾದಿಯನ್ನು ಅರ್ಥಮಾಡಿಕೊಳ್ಳಲು ಈ ಒಂದು ರಾಜೀನಾಮೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾರತದ ಓದುಗರಿಗೆ ಈ ತಂದೆ ಪೂರ್ತಿ ಅಪರಿಚಿತರಲ್ಲ. 1929ರಿಂದ 1931ರವರೆಗೆ ಲೇಬರ್ ಸರ್ಕಾರದಲ್ಲಿ ಭಾರತ ಮಂತ್ರಿಯಾಗಿದ್ದವರು ಅವರೇ. ಡೊಮಿನಿಯನ್ ಸ್ಥಾನಮಾನದ ಬಗೆಗಿನ ವೈಸ್‌ರಾಯ್ ಇರ್ವಿನ್ ಅವರ ಘೋಷಣೆ, ಉಪ್ಪಿನ ಸತ್ಯಾಗ್ರಹ, ಮೊದಲ ದುಂಡುಮೇಜಿನ ಪರಿಷತ್ತು, ಗಾಂಧಿ-ಇರ್ವಿನ್ ಒಪ್ಪಂದ ಎಲ್ಲವೂ ಅವರ ಅವಧಿಯಲ್ಲಿಯೇ ನಡೆದವು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಲಂಡನ್ನಿಗೆ ಹೋಗಿ ಭಾಗವಹಿಸಿದ ಪರಿಷತ್ತು ಅದು. 1931ರಲ್ಲಿ ಗಾಂಧೀಜಿ ಲಂಡನ್ನಿಗೆ ಬಂದಾಗ ಆರು ವರ್ಷದ ಬಾಲಕನಾಗಿದ್ದ ಎರಡನೆಯ ಮಗ ಅವರನ್ನು ಕಂಡಿದ್ದರು. ಆ ಭೇಟಿಯನ್ನು ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು.

ಇಂಥ ಮನೆಗೆ ವಿಸ್ಕೌಂಟ್ ಪದವಿ ಬಂದದ್ದು 1942ರ ಜನವರಿಯಲ್ಲಿ. ಯುದ್ಧದ ನಡುವೆ ಚರ್ಚಿಲ್ ನಾಯಕತ್ವದ ಸಮ್ಮಿಶ್ರ ಸರ್ಕಾರವಿತ್ತು. ಕೆಳಮನೆಯಲ್ಲಿ ಲೇಬರ್ ಪಕ್ಷ ಸರ್ಕಾರದ ಎರಡನೆಯ ಕಂಬವಾಗಿದ್ದರೂ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅದರ ಸದಸ್ಯರು ಬೆರಳೆಣಿಕೆಯಷ್ಟು ಮಾತ್ರ. ಆ ಕೊರತೆಯನ್ನು ತುಂಬಲೆಂದು ಕೆಲವರನ್ನು ಮೇಲ್ಮನೆಗೆ ಕಳಿಸಲಾಯಿತು. ಇದು ಗೌರವವೋ ಪ್ರತಿಫಲವೋ ಅಲ್ಲ, ಲಾರ್ಡ್ಸ್‌ನಲ್ಲಿ ಲೇಬರ್ ಪಕ್ಷದ ಬಲ ಹೆಚ್ಚಿಸುವ ರಾಜ್ಯನೀತಿಯ ಕ್ರಮ ಎಂದು ಸರ್ಕಾರವೇ ಆಗ ಪ್ರಕಟಿಸಿತ್ತು. ಆದರೆ ರಾಜಕಾರಣಿಯೊಬ್ಬರನ್ನು ಮೇಲ್ಮನೆಗೆ ಕಳಿಸಲು ಆಗ ಇದ್ದ ಸಾಧನ ಒಂದೇ: ವಂಶಪಾರಂಪರ್ಯ ಪದವಿ. ಹತ್ತಾರು ವರ್ಷಗಳ ಮಟ್ಟಿಗೆ ಬೇಕಾಗಿದ್ದ ಒಂದು ಮತಕ್ಕಾಗಿ ಮನೆತನವೊಂದನ್ನು ಗಂಡುಸಂತತಿ ಇರುವವರೆಗೆ ಕಟ್ಟಿಹಾಕುವ ರಾಜಪತ್ರ, ಅಂದರೆ ದೊರೆಯ ಹೆಸರಿನಲ್ಲಿ ಪದವಿ ಕೊಡುವ ಪತ್ರ, ಹೊರಟಿತು. ಆಜೀವ ಪೀರ್‌ಗಳನ್ನು ನೇಮಿಸಲು ಅವಕಾಶ ಕೊಟ್ಟ ಕಾಯ್ದೆ ಬಂದದ್ದು 1958ರಲ್ಲಿ. ಆ ಕಾಯ್ದೆ ಹದಿನಾರು ವರ್ಷ ಮೊದಲೇ ಬಂದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ತಂದೆಯ ಪ್ರಶ್ನೆ, ಹಿರಿಯ ಮಗನ ಉತ್ತರ

ಪದವಿಯನ್ನು ಒಪ್ಪುವ ಮೊದಲು ತಂದೆ ಯೋಚಿಸದೆ ಇರಲಿಲ್ಲ. ತಮ್ಮ ನಂತರ ಅದು ಹಿರಿಯ ಮಗನಿಗೆ ಹೋಗುತ್ತದೆಂದು ತಿಳಿದಿದ್ದರಿಂದ ಅವನನ್ನೇ ಕೇಳಿದರು. ಅವನು ಚರ್ಚಿನ ಪಾದ್ರಿಯಾಗಬೇಕೆಂದಿದ್ದ ಯುವಕ. ಕೆಳಮನೆಯ ಸ್ಪರ್ಧೆಯ ಆಸೆ ಅವನಿಗಿರಲಿಲ್ಲ. ತನ್ನ ಅಭ್ಯಂತರವಿಲ್ಲವೆಂದ. ಎರಡನೆಯ ಮಗನಿಗೆ ಆಗ ಹದಿನಾರು ವರ್ಷ. ಅವನನ್ನು ಕೇಳುವ ಕಾರಣ ಯಾರಿಗೂ ಕಾಣುವಂತಿರಲಿಲ್ಲ.

ತಂದೆ ಎಚ್ಚರಿಕೆಯಿಂದಲೇ ನಡೆದುಕೊಂಡರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯಾರನ್ನು ಕೇಳಬೇಕಿತ್ತೋ ಅವನನ್ನು ಕೇಳಿದರು, ಪ್ರಾಮಾಣಿಕ ಉತ್ತರವನ್ನೇ ಪಡೆದರು. ಆದರೆ ಆ ಉತ್ತರ ಒಬ್ಬ ಮನುಷ್ಯನ ಬದುಕಿನ ಯೋಜನೆಗೆ ಸಂಬಂಧಿಸಿದ್ದು; ಪದವಿಯಾದರೋ ಹುಟ್ಟಿದ ಕ್ರಮವನ್ನು ಹಿಡಿದು ನಡೆಯುವಂಥದ್ದು. ಹಿರಿಯ ಮಗ ವಾಯುಸೇನೆಯ ಪೈಲಟ್ ಆದ, ಪರಾಕ್ರಮಕ್ಕೆ ಪದಕ ಪಡೆದ, 1944ರ ಜೂನ್‌ನಲ್ಲಿ ಕರ್ತವ್ಯದ ಮೇಲಿದ್ದಾಗಲೇ ತೀರಿಕೊಂಡ. ಅವನಿಗೆ ಮದುವೆಯಾಗಿರಲಿಲ್ಲ. ಅಣ್ಣನ ಸಾವಿನ ಸುದ್ದಿ ತಲುಪಿದಾಗ ಎರಡನೆಯ ಮಗ ಆಫ್ರಿಕಾದಲ್ಲಿ ವಾಯುಸೇನೆಯ ತರಬೇತಿಯಲ್ಲಿದ್ದರು. ಮನೆಯವರು ಕಳೆದುಕೊಂಡದ್ದು ಮಗನನ್ನು, ಅಣ್ಣನನ್ನು. ಆ ದುಃಖದಲ್ಲಿ ಪದವಿಯ ಮಾತು ಎಷ್ಟರದು! ಆದರೂ ಆ ದಿನವೇ ಉತ್ತರಾಧಿಕಾರ ಮೌನವಾಗಿ ಕೈ ಬದಲಾಯಿಸಿತ್ತು.

1950ರ ನವೆಂಬರ್‌ನಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಎರಡನೆಯ ಮಗ ಪಶ್ಚಿಮ ಇಂಗ್ಲೆಂಡಿನ ಬಂದರು ನಗರವೊಂದರ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದರು. ಅನಾರೋಗ್ಯದಿಂದ ಆ ಸ್ಥಾನವನ್ನು ತೆರವು ಮಾಡಿದವರು ಸರ್ ಸ್ಟಾಫರ್ಡ್ ಕ್ರಿಪ್ಸ್, 1942ರಲ್ಲಿ ಕ್ರಿಪ್ಸ್ ಆಯೋಗದೊಂದಿಗೆ ಭಾರತಕ್ಕೆ ಬಂದಿದ್ದವರು. ಗೆದ್ದ ದಿನದಿಂದಲೇ ಹೊಸ ಸಂಸದರಿಗೆ ಒಂದು ಗಡುವು ಗೊತ್ತಿತ್ತು. ತಂದೆಗೆ ಆಗಲೇ ಎಪ್ಪತ್ತಮೂರು. ಅವರು ಬದುಕಿರುವಷ್ಟು ದಿನ ತಮ್ಮ ರಾಜಕೀಯ ಬದುಕೂ ಇರುತ್ತದೆ, ಅನಂತರ ಇಲ್ಲ. ತಂದೆಯ ಆಯುಷ್ಯದ ಮೇಲೆ ಮಗನ ಕೆಲಸ ನಿಂತಿರುವುದು ಎರಡೂ ಕಡೆಯವರಿಗೆ ಎಂಥ ಹಿಂಸೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಪ್ರಯತ್ನಗಳು

ಈ ಸಂಕಟ ಅವರೊಬ್ಬರದೇ ಆಗಿರಲಿಲ್ಲ. ಮುಂದೆ ಭಾರತದ ವೈಸ್‌ರಾಯ್ ಆಗಿ ಬಂದ ಕರ್ಜನ್, ತಮ್ಮಂತೆಯೇ ಪೀರ್‌ಗಳ ಹಿರಿಯ ಮಕ್ಕಳಾಗಿದ್ದ ಇನ್ನಿಬ್ಬರು ಸಂಸದರೊಡನೆ ಸೇರಿ 1894ರಲ್ಲಿ ಈ ಅನರ್ಹತೆಯನ್ನು ತೆಗೆಯುವ ಮಸೂದೆ ತಂದಿದ್ದರು; ಅದು ಬಿದ್ದುಹೋಯಿತು. ಮರುವರ್ಷ ಆ ಮೂವರಲ್ಲೊಬ್ಬರ ತಂದೆ ತೀರಿಕೊಂಡಾಗ ಅವರು ಕೆಳಮನೆಯಲ್ಲಿಯೇ ಉಳಿಯಲು ನೋಡಿದರು. ಕಾಮನ್ಸ್‌ನ ಸಮಿತಿ ಅವರ ಸ್ಥಾನ ತೆರವಾಯಿತೆಂದೇ ಹೇಳಿತು. 1950ರಲ್ಲಿ ಕನ್ಸರ್ವೇಟಿವ್ ಪಕ್ಷದ ಕ್ವಿಂಟಿನ್ ಹಾಗ್ ತಂದೆಯನ್ನು ಕಳೆದುಕೊಂಡು ಲಾರ್ಡ್ ಹೇಲ್‌ಶಮ್ ಆದಾಗ, ಕಾನೂನನ್ನು ಬದಲಾಯಿಸಬೇಕೆಂದು ಪ್ರಧಾನಿ ಆಟ್ಲಿಯವರನ್ನು ಕೇಳಿಕೊಂಡರು. ಆಟ್ಲಿ ಒಪ್ಪಲಿಲ್ಲ. ಹಾಗ್ ಮೇಲ್ಮನೆಗೆ ಹೋಗಿ ಕುಳಿತರು.

ಎರಡನೆಯ ಮಗ ತಂದೆ ಬದುಕಿರುವಾಗಲೇ ದಾರಿ ಹುಡುಕಿದರು. 1955ರಲ್ಲಿ ತಮ್ಮೊಬ್ಬರಿಗೆ ಅನ್ವಯಿಸುವಂಥ ವೈಯಕ್ತಿಕ ಮಸೂದೆಗಾಗಿ ಲಾರ್ಡ್ಸ್‌ಗೆ ಅರ್ಜಿ ಕೊಟ್ಟರು. ತಂದೆ ಮೇಲ್ಮನೆಯಲ್ಲಿ ಮಗನ ಪರವಾಗಿ ನಿಂತರು. ತಾವು ಒಪ್ಪಿಕೊಂಡ ಪದವಿಯಿಂದ ಮಗನನ್ನು ಬಿಡಿಸಲು ಅದೇ ಮನೆಯಲ್ಲಿ ವಾದಿಸಿದ ಆ ವೃದ್ಧರ ನಿಷ್ಠೆ ಈ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಸಂಗತಿ. ಮಸೂದೆ ತಿರಸ್ಕೃತವಾಯಿತು.

ಏಕೆ ಎಂಬುದು ಮುಖ್ಯ. ಕೇಳಿಕೆಯ ಹಿಂದೆ ನ್ಯಾಯವಿತ್ತು, ಬೆಂಬಲವೂ ಇತ್ತು. ಪುತ್ರರು ತಂದೆಯಿಂದ ಬರುವ ಪದವಿಯನ್ನು ಶಾಶ್ವತವಾಗಿ ತ್ಯಜಿಸುವ ಹಕ್ಕು ಪಡೆಯಬೇಕೆಂದು ತಾನು ಬಲವಾಗಿ ನಂಬುವುದಾಗಿ ಚರ್ಚಿಲ್ ಈ ಸಂಸದರಿಗೆ ಪತ್ರ ಬರೆದಿದ್ದರು. ಆದರೆ ಕೇಳಿಕೆಯ ಸ್ವರೂಪ ವಿನಾಯಿತಿಯದಾಗಿತ್ತು. ನಿಯಮವನ್ನು ಮುಟ್ಟದೆ ನನ್ನೊಬ್ಬನನ್ನು ಬಿಡಿ ಎಂದಾಗ ಎದುರಿನವರು ಮೊದಲು ಕೇಳುವುದು, ನಾಳೆ ಬರುವ ಹತ್ತು ಜನಕ್ಕೆ ಏನು ಹೇಳುವುದು ಎಂದು. ಒಬ್ಬರಿಗೆ ಬಾಗಿಲು ತೆರೆದರೆ ಆನುವಂಶಿಕ ಸದನದ ತಳಹದಿಯನ್ನೇ ಪ್ರಶ್ನಿಸಿದಂತಾಗುತ್ತದೆಂಬ ಅಂಜಿಕೆ ಲಾರ್ಡ್ಸ್‌ಗೆ ಇದ್ದಿರಲೇಬೇಕು. ವೈಯಕ್ತಿಕ ಮಸೂದೆಗೆ ಬೆಂಬಲ ಕೊಟ್ಟವರು ಕೂಡ ಸಂಸದರ ಮೇಲಿನ ಸಹಾನುಭೂತಿಯಿಂದ ಕೊಟ್ಟರೇ ವಿನಾ ತಮಗೇನೋ ನಷ್ಟವಾಗುತ್ತಿದೆ ಎಂದಲ್ಲ. ಇದು ನನ್ನ ಓದು. ಮುಂದಿನ ಆರು ವರ್ಷಗಳ ಘಟನೆಗಳು ಅದನ್ನು ಬೆಂಬಲಿಸುತ್ತವೆಂದು ನಂಬಿದ್ದೇನೆ.

1960: ಬಾಗಿಲು ಮುಚ್ಚಿದಾಗ

ತಂದೆ ತೀರಿಕೊಂಡ ಮೇಲೆ ಸಂಸದರು ಮಾಡಿದ ಮೊದಲ ಕೆಲಸ ಪದವಿಯನ್ನು ತ್ಯಜಿಸುವ ಪತ್ರ ಬರೆದು, 1942ರ ರಾಜಪತ್ರವನ್ನು ಹಿಂದಿರುಗಿಸಿದ್ದು. ಲಾರ್ಡ್ಸ್‌ನಲ್ಲಿ ಕೂರಲು ಬೇಕಾದ ಕರೆಪತ್ರವನ್ನು ಅವರು ಕೇಳಲೇ ಇಲ್ಲ. ಅವರ ಕಾನೂನು ವಾದದ ತಿರುಳೂ ಅದೇ: ಕರೆಪತ್ರ ಪಡೆದು ಮೇಲ್ಮನೆಗೆ ಹೋದವನು ಮಾತ್ರ ಅಲ್ಲಿನ ಸದಸ್ಯ, ಕರೆಯನ್ನೇ ಪಡೆಯದವನು ಕೆಳಮನೆಗೆ ಅನರ್ಹನಾಗುವುದು ಹೇಗೆ?

ಈ ವಾದಕ್ಕೆ ಎದುರಾಗಿ ಹದಿನೇಳನೆಯ ಶತಮಾನದಿಂದ ಬಂದ ತೀರ್ಮಾನಗಳು ನಿಂತಿದ್ದವು. ಪೀರ್ ಪದವಿ ರಕ್ತಕ್ಕೆ ಅಂಟಿದ್ದು. ಅದನ್ನು ಪಡೆದವನು ಮಾರುವಂತಿಲ್ಲ, ದಾನ ಮಾಡುವಂತಿಲ್ಲ, ರಾಜನಿಗೇ ಒಪ್ಪಿಸಿದರೂ ಅಳಿಯುವುದಿಲ್ಲ ಎಂಬುದು ಅವುಗಳ ಸಾರ. ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿಯ ಪಾಲು ಬೇಡವೆನ್ನುವವನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದರೆ ಕೆಲಸ ಮುಗಿಯಿತು. ಇಲ್ಲಿ ಅಂಥ ಕಚೇರಿಯೇ ಇರಲಿಲ್ಲ. ಪಾಲುದಾರರೆಲ್ಲ ಒಪ್ಪಿದರೂ, ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧರಾದರೂ, ಸಂಸತ್ತು ಹೊಸ ಕಾಯ್ದೆ ಮಾಡದ ಹೊರತು ಬಿಡುಗಡೆ ಇಲ್ಲ.

ಕಾಮನ್ಸ್‌ನ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಅವರು ತಮ್ಮ ವಾದ ಮಂಡಿಸಿದರು. 1961ರ ಮಾರ್ಚ್‌ನಲ್ಲಿ ಸಮಿತಿಯ ವರದಿ ಅವರ ವಿರುದ್ಧ ಬಂತು: ಕರೆಪತ್ರ ಬೇಡ, ಉತ್ತರಾಧಿಕಾರವೇ ಅನರ್ಹತೆಗೆ ಸಾಕು. ಏಪ್ರಿಲ್‌ನಲ್ಲಿ ಸದನ ವರದಿಯನ್ನು ಒಪ್ಪಿತು. ಸದನದ ಅಂಚಿನಲ್ಲಿ ನಿಂತು ತಮ್ಮ ಪರವಾಗಿ ಮಾತನಾಡಲು ಅವಕಾಶ ಕೊಡಿ ಎಂಬ ಕೋರಿಕೆಯನ್ನೂ ಸರ್ಕಾರಿ ಪಕ್ಷದ ಬಹುಮತ ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಸಂಸದರ ಸಂಬಳ ನಿಂತಿತ್ತು. ಮನೆಯಲ್ಲಿ ನಾಲ್ಕು ಚಿಕ್ಕ ಮಕ್ಕಳು, ದೊಡ್ಡವನಿಗೆ ಒಂಬತ್ತು ವರ್ಷ. ಕಾನೂನಿನ ಕಣ್ಣಿನಲ್ಲಿ ಆ ಒಂಬತ್ತು ವರ್ಷದ ಹುಡುಗ ಆಗಲೇ ಮುಂದಿನ ಉತ್ತರಾಧಿಕಾರಿ.

ಇಲ್ಲಿ ನಿಂತುಬಿಡುವುದಕ್ಕೆ ಎಲ್ಲ ಕಾರಣಗಳೂ ಇದ್ದವು. ಕಾನೂನು ಸ್ಪಷ್ಟವಾಗಿತ್ತು. ಮೇಲ್ಮನೆಯಲ್ಲಿ ಕುಳಿತೂ ರಾಜಕಾರಣ ಮಾಡಬಹುದಿತ್ತು; ಹೇಲ್‌ಶಮ್ ಅದನ್ನೇ ಮಾಡಿ ಮಂತ್ರಿಯೂ ಆಗಿದ್ದರು. ಹೊಸದಾಗಿ ಸ್ಪರ್ಧಿಸಿದರೆ ಗೆದ್ದರೂ ಸೋತಂತೆಯೇ ಎಂಬುದು ಗೊತ್ತಿತ್ತು, ಖರ್ಚು ಮೈಮೇಲೆ ಬರುವುದೂ ಗೊತ್ತಿತ್ತು. ತೆರವಾದ ಸ್ಥಾನಕ್ಕೆ ಉಪಚುನಾವಣೆ ಘೋಷಣೆಯಾದಾಗ ಅವರು, ಅವರ ಪತ್ನಿ ಮತ್ತು ಕ್ಷೇತ್ರದ ಪಕ್ಷದವರು ಸ್ಪರ್ಧಿಸುವ ನಿರ್ಧಾರ ಮಾಡಿದರು. ನಾಮಪತ್ರ ಕ್ರಮಬದ್ಧವಾಗಿದ್ದುದರಿಂದ ಚುನಾವಣಾಧಿಕಾರಿ ಅದನ್ನು ಸ್ವೀಕರಿಸಿದರು.

ಪ್ರಕರಣದ ನಿಜವಾದ ತಿರುವು ಇದೇ. 1955ರಲ್ಲಿ ಪ್ರಶ್ನೆ ಇದ್ದದ್ದು, ಒಬ್ಬ ಮನುಷ್ಯ ತನ್ನ ಪದವಿಯನ್ನು ಬಿಡಬಹುದೇ ಎಂದು. 1961ರ ಮೇ ತಿಂಗಳಲ್ಲಿ ಪ್ರಶ್ನೆ, ಒಂದು ಕ್ಷೇತ್ರದ ಮತದಾರರು ತಮಗೆ ಬೇಕಾದವರನ್ನು ಕಳಿಸಬಹುದೇ ಎಂದಾಯಿತು. ನೊಂದವರ ಜಾಗಕ್ಕೆ ಸಾವಿರಾರು ಜನ ಬಂದರು. ಚರ್ಚಿಲ್ ಪತ್ರದ ಪ್ರತಿಗಳನ್ನು ಕ್ಷೇತ್ರದಲ್ಲಿ ಹಂಚಲಾಯಿತು. ಕನ್ಸರ್ವೇಟಿವ್ ಮತದಾರನ ಕೈಗೆ ಅವನದೇ ಪಕ್ಷದ ಅತಿ ದೊಡ್ಡ ನಾಯಕನ ಮಾತು ಸೇರಿತು. ಎದುರಾಳಿಯ ಕಡೆಯವರು, ಈ ಅಭ್ಯರ್ಥಿ ಅನರ್ಹ, ಇವರಿಗೆ ಹಾಕಿದ ಮತ ವ್ಯರ್ಥ ಎಂದು ಪ್ರಚಾರ ಮಾಡಿದರು. ಆ ಎದುರಾಳಿ ಕೂಡ ಒಂದು ಪೀರ್ ಪದವಿಯ ಸಂಭಾವ್ಯ ಉತ್ತರಾಧಿಕಾರಿಯಾಗಿದ್ದರು. ಇಂದು ಇವರಿಗೆ ಆದದ್ದು ನಾಳೆ ಅವರಿಗೂ ಆಗಬಹುದಾಗಿತ್ತು.

ಮೇ 4ರಂದು ಮತದಾನ ನಡೆಯಿತು. ಅನರ್ಹ ಅಭ್ಯರ್ಥಿಗೆ 23,275 ಮತ, ಎದುರಾಳಿಗೆ 10,231. ಎರಡು ವರ್ಷ ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಆರು ಸಾವಿರಕ್ಕೂ ಕಡಿಮೆಯಿದ್ದ ಅಂತರ ಹದಿಮೂರು ಸಾವಿರ ದಾಟಿತು. ಮತ ವ್ಯರ್ಥವಾಗುತ್ತದೆಂದು ತಿಳಿದೇ ಜನ ಮತ ಹಾಕಿದ್ದರು.

ಮೇ 8ರಂದು ಗೆದ್ದವರು ವೆಸ್ಟ್‌ಮಿನ್‌ಸ್ಟರ್‌ಗೆ ಬಂದರು. ಸಭಾಂಗಣದ ಬಾಗಿಲಿನವರೆಗೆ ನಡೆದರು. ಅಲ್ಲಿ ಮುಖ್ಯ ದ್ವಾರಪಾಲಕ ಅಡ್ಡ ನಿಂತು, ಒಳಗೆ ಬಿಡುವಂತಿಲ್ಲ, ಸಭಾಧ್ಯಕ್ಷರ ಆದೇಶವಿದೆ ಎಂದು ಸೌಜನ್ಯದಿಂದಲೇ ತಡೆದ. ಹತ್ತು ವರ್ಷ ಅದೇ ಬಾಗಿಲಿನಿಂದ ಓಡಾಡಿದವರನ್ನು ಆ ಕೆಲಸಗಾರ ಚೆನ್ನಾಗಿಯೇ ಬಲ್ಲವನು. ಬಲಪ್ರಯೋಗವಾಗಲಿಲ್ಲ, ಕೂಗಾಟವಾಗಲಿಲ್ಲ, ಅವರು ಹಿಂತಿರುಗಿದರು. ಆದರೆ ಮತದಾರರ ಆಯ್ಕೆ ಬಾಗಿಲ ಹೊರಗೆ ನಿಂತದ್ದನ್ನು ಮರುದಿನ ದೇಶವೆಲ್ಲ ಪತ್ರಿಕೆಗಳಲ್ಲಿ ಓದಿತು. ಕಾನೂನಿನ ಪುಸ್ತಕದಲ್ಲಿದ್ದ ನಿಯಮ ಹೇಗೆ ಕಾಣುತ್ತದೆ ಎಂಬುದು ಜನರಿಗೆ ತಿಳಿದದ್ದು ಆಗ.

ಎದುರಾಳಿ ಚುನಾವಣಾ ತಕರಾರು ಅರ್ಜಿ ಹಾಕಿದರು. ಜುಲೈನಲ್ಲಿ ಇಬ್ಬರು ನ್ಯಾಯಾಧೀಶರ ಚುನಾವಣಾ ನ್ಯಾಯಾಲಯ ವಿಚಾರಣೆ ನಡೆಸಿತು. ವಕೀಲರಲ್ಲದ ಸಂಸದರು ಸ್ವತಃ, ದಿನಗಟ್ಟಲೆ, ಶತಮಾನಗಳ ಪೂರ್ವನಿದರ್ಶನಗಳನ್ನು ಬಿಡಿಸುತ್ತ ವಾದಿಸಿದರು. ಜುಲೈ 28ರ ತೀರ್ಪು ಅವರ ವಿರುದ್ಧವೇ ಬಂತು. ಅನರ್ಹತೆ ಮತದಾರರಿಗೆ ಮೊದಲೇ ತಿಳಿದಿದ್ದರಿಂದ ಆ ಮತಗಳನ್ನು ಎಸೆದಂತೆಯೇ ಲೆಕ್ಕ ಹಾಕಿ, 10,231 ಮತ ಪಡೆದವರನ್ನು ಗೆದ್ದವರೆಂದು ಘೋಷಿಸಲಾಯಿತು. ಖರ್ಚಿನ ಹೊರೆ ಸೋತವರ ಮೇಲೆ ಬಿತ್ತು. ಬೆಂಬಲಿಗರು ಚಂದಾ ಎತ್ತಿ ನೆರವಾದರು.

ನ್ಯಾಯಾಧೀಶರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಇದ್ದ ಕಾನೂನನ್ನು ಅವರು ಸರಿಯಾಗಿಯೇ ಓದಿದರು. ಓದು ಸರಿಯಾಗಿದ್ದುದರಿಂದಲೇ ಕಾನೂನಿನ ಅಸಂಗತತೆ ಬಟಾಬಯಲಾಯಿತು: ಎರಡಕ್ಕಿಂತ ಹೆಚ್ಚು ಪಟ್ಟು ಮತ ಪಡೆದವರು ಹೊರಗೆ, ಸೋತವರು ಒಳಗೆ. ಗೆದ್ದವರೆಂದು ಘೋಷಿತರಾದ ಎದುರಾಳಿಗೂ ಅದು ನೆಮ್ಮದಿಯ ಸ್ಥಾನವಾಗಿರಲಿಲ್ಲ.

ಕಾಯ್ದೆ

1955ರ ಸೋಲಿನ ನಂತರ ಏನೂ ಬದಲಾಗಿರಲಿಲ್ಲ. 1961ರ ಸೋಲಿನ ನಂತರ ಸರ್ಕಾರ ಸುಮ್ಮನಿರುವಂತಿರಲಿಲ್ಲ. ಉಭಯ ಸದನಗಳ ಜಂಟಿ ಆಯ್ಕೆ ಸಮಿತಿ ರಚನೆಯಾಗಿ 1962ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರಿಂದ 1963ರ ಪೀರೇಜ್ ಕಾಯ್ದೆ ಹುಟ್ಟಿತು. ಸಮಿತಿ ಕುಳಿತ ಮೇಲೆ ಹಳೆಯ ಇತರ ಅನ್ಯಾಯಗಳೂ ಮೇಜಿಗೆ ಬಂದವು. ಸ್ವಂತ ಹಕ್ಕಿನಿಂದ ಪದವಿ ಪಡೆದ ಮಹಿಳೆಯರಿಗೆ ಅಲ್ಲಿಯವರೆಗೆ ಮೇಲ್ಮನೆಯಲ್ಲಿ ಸ್ಥಾನವಿರಲಿಲ್ಲ. ಈ ಕಾಯ್ದೆ ಕೊಟ್ಟಿತು. ಸ್ಕಾಟ್ಲೆಂಡಿನ ಪೀರ್‌ಗಳು ತಮ್ಮೊಳಗೆ ಹದಿನಾರು ಜನರನ್ನು ಆರಿಸಿ ಕಳಿಸುತ್ತಿದ್ದ ಪದ್ಧತಿ ನಿಂತು, ಎಲ್ಲರಿಗೂ ಪ್ರವೇಶ ದೊರೆಯಿತು.

ತ್ಯಾಗದ ನಿಯಮಗಳು ಬಿಗಿಯಾಗಿದ್ದವು. ಕಾಯ್ದೆ ಬರುವಾಗಲೇ ಪೀರ್ ಆಗಿದ್ದವರಿಗೆ ಹನ್ನೆರಡು ತಿಂಗಳು, ಮುಂದೆ ಪದವಿಗೆ ಬರುವವರಿಗೆ ಬಂದ ದಿನದಿಂದ ಹನ್ನೆರಡು ತಿಂಗಳು. ಆದರೆ ಕಾಮನ್ಸ್ ಸದಸ್ಯರಾಗಿದ್ದವರಿಗೆ ಒಂದೇ ತಿಂಗಳು. ಆ ತಿಂಗಳಲ್ಲಿ ಅವರು ಸದನದಲ್ಲಿ ಕೂರುವಂತಿರಲಿಲ್ಲ, ಸ್ಥಾನ ಮಾತ್ರ ಹೋಗುತ್ತಿರಲಿಲ್ಲ. ಒಮ್ಮೆ ತ್ಯಜಿಸಿದರೆ ಬದುಕಿರುವವರೆಗೆ ಹಿಂದಕ್ಕೆ ಪಡೆಯುವಂತಿಲ್ಲ. ತ್ಯಾಗ ಒಬ್ಬರ ಆಯುಷ್ಯಕ್ಕೆ ಮಾತ್ರ: ಪದವಿ ಅಳಿಯುವುದಿಲ್ಲ, ಮಗನಿಗೆ ಮೊದಲೇ ಇಳಿಯುವುದೂ ಇಲ್ಲ, ತ್ಯಜಿಸಿದವರು ತೀರಿಕೊಂಡ ದಿನ ಮುಂದಿನವರಿಗೆ ಹೋಗುತ್ತದೆ. ತನ್ನ ಹಕ್ಕನ್ನು ಬಿಡುವವನು ಹುಟ್ಟಲಿರುವವರ ಹಕ್ಕನ್ನು ಬಿಡುವಂತಿಲ್ಲ ಎಂಬ ವಿವೇಕ ಇದರಲ್ಲಿದೆ. 1942ರಲ್ಲಿ ಒಬ್ಬರ ಒಪ್ಪಿಗೆ ಇನ್ನೊಬ್ಬರನ್ನು ಕಟ್ಟಿಹಾಕಿತ್ತು. ಈ ಕಾಯ್ದೆಯಲ್ಲಿ ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ತಾವೇ ಕೊಡಬೇಕು.

ಕಾಯ್ದೆ ಜಾರಿಯಾಗುವ ದಿನಾಂಕದ ಮೇಲೆ ಇನ್ನೊಂದು ತಿರುವು ಬಂತು. ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಜಾರಿಯಾದರೆ ಸಾಕೆಂಬುದು ಸರ್ಕಾರದ ಮೂಲ ಪ್ರಸ್ತಾವ. ಹಾಗಾಗಿದ್ದರೆ ಬಂದರು ನಗರದ ಮತದಾರರು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಿತ್ತು. ರಾಣಿಯ ಅಂಕಿತ ಬಿದ್ದ ಕೂಡಲೇ ಜಾರಿಯಾಗಬೇಕೆಂದು ತಿದ್ದುಪಡಿ ತಂದದ್ದು ಹೌಸ್ ಆಫ್ ಲಾರ್ಡ್ಸ್. ಎಂಟು ವರ್ಷ ಹಿಂದೆ ಬಾಗಿಲು ಹಾಕಿದ್ದ ಸದನವೇ ಈ ಸಲ ಅಗುಳಿ ತೆಗೆಯಿತು. 1963ರ ಜುಲೈ 31ರಂದು ಸಂಜೆ ಆರು ಗಂಟೆ ದಾಟಿದ ಸ್ವಲ್ಪದರಲ್ಲೇ ಅಂಕಿತ ಬಿತ್ತು. ಸಿದ್ಧವಾಗಿ ಕಾದಿದ್ದ ಎರಡನೆಯ ಮಗ 6 ಗಂಟೆ 22 ನಿಮಿಷಕ್ಕೆ ತ್ಯಾಗಪತ್ರ ಸಲ್ಲಿಸಿ, ಈ ಕಾಯ್ದೆಯಡಿ ಪದವಿ ಬಿಟ್ಟ ಮೊದಲಿಗರಾದರು. ಕಾನೂನು ಬದಲಾದರೆ ಸ್ಥಾನ ಬಿಡುತ್ತೇನೆಂದಿದ್ದ ಎದುರಾಳಿ ಕೊಟ್ಟ ಮಾತಿನಂತೆ ರಾಜೀನಾಮೆ ಕೊಟ್ಟರು. ಅವರ ಈ ನಡೆಯನ್ನು ಪ್ರಕರಣದ ಹೇಳಿಕೆಗಳಲ್ಲಿ ಬಹಳ ಮಂದಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಹೆಚ್ಚಿನದೆನಿಸುತ್ತದೆ. ನ್ಯಾಯಾಲಯ ಕೊಟ್ಟ ಸ್ಥಾನವನ್ನು ಕೊನೆಯವರೆಗೂ ಇಟ್ಟುಕೊಳ್ಳುವ ಹಕ್ಕು ಅವರಿಗಿತ್ತು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಅಭ್ಯರ್ಥಿಯನ್ನೇ ಹಾಕಲಿಲ್ಲ. ಎರಡೂಮುಕ್ಕಾಲು ವರ್ಷಗಳ ನಂತರ ಎರಡನೆಯ ಮಗ ಅದೇ ಬಾಗಿಲಿನಿಂದ ಒಳಗೆ ಹೋದರು.

ಯಾರಿಗೆ ಏನು ದಕ್ಕಿತು

ಆ ತಿದ್ದುಪಡಿಯ ಫಲ ಮೊದಲು ದೊರೆತದ್ದು ಈ ಕುಟುಂಬಕ್ಕಾದರೂ, ದೊಡ್ಡದಾಗಿ ದೊರೆತದ್ದು ಅವರ ರಾಜಕೀಯ ವಿರೋಧಿಗಳಿಗೆ. ಅದೇ ಅಕ್ಟೋಬರ್‌ನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಅನಾರೋಗ್ಯದಿಂದ ಹಿಂದೆ ಸರಿದಾಗ ಕನ್ಸರ್ವೇಟಿವ್ ನಾಯಕತ್ವಕ್ಕೆ ಕೇಳಿಬಂದ ಹೆಸರುಗಳಲ್ಲಿ ಇಬ್ಬರು ಮೇಲ್ಮನೆಯವರು, ಹೇಲ್‌ಶಮ್ ಮತ್ತು ಹದಿನಾಲ್ಕನೆಯ ಅರ್ಲ್ ಆಫ್ ಹೋಮ್. ಹೋಮ್ ಪ್ರಧಾನಿಯಾದರು, ಅಕ್ಟೋಬರ್ 23ರಂದು ಅರ್ಲ್ ಪದವಿಯನ್ನು ತ್ಯಜಿಸಿದರು, ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಒಂದು ಉಪಚುನಾವಣೆಯಲ್ಲಿ ಗೆದ್ದು ಕಾಮನ್ಸ್‌ಗೆ ಬಂದರು. ನಡುವಿನ ಎರಡು ವಾರ ಬ್ರಿಟನ್ನಿನ ಪ್ರಧಾನಿ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಜಾರಿಯ ದಿನಾಂಕ ಮೊದಲಿನ ಪ್ರಸ್ತಾವದಂತೆಯೇ ಉಳಿದಿದ್ದರೆ ಹೋಮ್ ಅವರಿಗೆ ಈ ದಾರಿ ಇರುತ್ತಿರಲಿಲ್ಲ.

ಇದನ್ನು ಹೋರಾಟದ ವೈಫಲ್ಯವೆಂದು ಕೆಲವರು ಓದುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬರಿಗೆ ವಿನಾಯಿತಿ ಕೇಳಿದ್ದಿದ್ದರೆ ವಿರೋಧಿಗೆ ಲಾಭವಾಗುತ್ತಿರಲಿಲ್ಲ ನಿಜ. ಆದರೆ ಆ ಮಸೂದೆಯೂ ಪಾಸಾಗುತ್ತಿರಲಿಲ್ಲ, ಪಾಸಾಗಲಿಲ್ಲ ಎಂಬುದನ್ನು 1955 ತೋರಿಸಿದೆ. ಸಾರ್ವತ್ರಿಕ ಹಕ್ಕಾದ್ದರಿಂದಲೇ ಅದರಲ್ಲಿ ಎಲ್ಲ ಪಕ್ಷದವರಿಗೂ ಆಸಕ್ತಿ ಹುಟ್ಟಿತು. ಇಂಥ ಸನ್ನಿವೇಶದಲ್ಲಿರುವವರು ತಮ್ಮ ಬೇಡಿಕೆಯನ್ನು ತಾವೊಬ್ಬರೇ ಅನುಭವಿಸುವ ಸಂಕಟವಾಗಿ ಬರೆಯುತ್ತಿದ್ದಾರೆಯೇ, ಅಥವಾ ಅದರಿಂದ ಹಕ್ಕು ಕಳೆದುಕೊಂಡ ಬೇರೆಯವರನ್ನೂ ಒಳಗೊಂಡು ಬರೆಯುತ್ತಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಸೋಲನ್ನು ದಾಖಲೆಗೆ ತರುವುದಕ್ಕೂ ಬೆಲೆಯಿದೆ: ಮೇ 4ರ ಮತಗಳಿಲ್ಲದೆ ಜುಲೈ 28ರ ತೀರ್ಪು ಬರುತ್ತಿರಲಿಲ್ಲ, ಆ ತೀರ್ಪಿಲ್ಲದೆ ಜಂಟಿ ಸಮಿತಿ ಕೂರುತ್ತಿತ್ತೇ ಎಂಬುದು ಅನುಮಾನ.

ಆದರೂ ಒಂದು ಎಚ್ಚರ. ಈ ದಾರಿ ಎಲ್ಲರಿಗೂ ತೆರೆದಿರುವಂಥದ್ದಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯಬಲ್ಲ ಸಂಸಾರ, ಜೊತೆ ಬಿಡದ ಕ್ಷೇತ್ರ, ಖರ್ಚು ಹೊರುವ ಬೆಂಬಲಿಗರು ಅವರಿಗಿದ್ದರು. ಅದೇ ಕಾನೂನಿನಡಿ ಸದ್ದಿಲ್ಲದೆ ಮೇಲ್ಮನೆಗೆ ಹೋದ, ಅಥವಾ ಎಲ್ಲಿಗೂ ಹೋಗದೆ ಉಳಿದ ಮಕ್ಕಳು ಎಷ್ಟೋ ಇದ್ದಿರಬೇಕು.

ಕಾನೂನು ಅಲ್ಲಿಗೂ ನಿಲ್ಲಲಿಲ್ಲ. 1999ರ ಹೌಸ್ ಆಫ್ ಲಾರ್ಡ್ಸ್ ಕಾಯ್ದೆ ತೊಂಬತ್ತೆರಡು ಜನರನ್ನು ಬಿಟ್ಟು ಉಳಿದ ವಂಶಪಾರಂಪರ್ಯ ಪೀರ್‌ಗಳನ್ನು ಮೇಲ್ಮನೆಯಿಂದ ಹೊರಗಿಟ್ಟಿತು. ಹೊರಗುಳಿದವರು ಪದವಿಯನ್ನು ಬಿಡದೆಯೇ ಕಾಮನ್ಸ್‌ಗೆ ಸ್ಪರ್ಧಿಸಬಹುದೆಂದಾಯಿತು. 2001ರಲ್ಲಿ ವಿಸ್ಕೌಂಟ್ ಥರ್ಸೊ ಹಾಗೆಯೇ ಗೆದ್ದು ಬಂದರು. ಎರಡನೆಯ ಮಗ ಕಾಮನ್ಸ್‌ನಿಂದ ನಿವೃತ್ತರಾದದ್ದು ಅದೇ ವರ್ಷ. 1961ರಲ್ಲಿ ಅವರು ಕೇಳಿದ್ದು, ಪದವಿ ಬಂದ ಮಾತ್ರಕ್ಕೆ ಕೆಳಮನೆಯಿಂದ ಹೊರಗೆ ಹಾಕಬೇಡಿ ಎಂದು. ನಲವತ್ತು ವರ್ಷದ ನಂತರ ನಿಯಮ ಹೆಚ್ಚುಕಡಿಮೆ ಅಲ್ಲಿಗೇ ಬಂದು ತಲುಪಿತ್ತು.

ಕುಟುಂಬದ ಮುಂದಿನ ತಲೆಮಾರು ಎರಡೂ ಸದನಗಳಿಗೆ ಹೋಯಿತು. ಕಿರಿಯ ಮಕ್ಕಳಲ್ಲಿ ಒಬ್ಬರು 1999ರ ಉಪಚುನಾವಣೆಯಲ್ಲಿ ಕಾಮನ್ಸ್‌ಗೆ ಆಯ್ಕೆಯಾಗಿ, ಮುಂದೆ ಮಂತ್ರಿಯೂ ಆದರು. 1960ರಲ್ಲಿ ಒಂಬತ್ತು ವರ್ಷದವರಾಗಿದ್ದ, ಎರಡನೆಯ ಮಗನ ಮೊದಲ ಮಗನಿಗೆ 2014ರ ಮಾರ್ಚ್‌ನಲ್ಲಿ, ತಂದೆ ತೀರಿಕೊಂಡ ದಿನ, ವಿಸ್ಕೌಂಟ್ ಪದವಿ ಬಂತು. ಅವರೂ ಹನ್ನೆರಡು ತಿಂಗಳೊಳಗೆ ಅದನ್ನು ತ್ಯಜಿಸಬಹುದಾಗಿತ್ತು. ಅವರು ಇಟ್ಟುಕೊಂಡರು, 2021ರಲ್ಲಿ, ವಂಶಪಾರಂಪರ್ಯ ಪೀರ್‌ಗಳಿಗೆಂದು ಉಳಿದಿದ್ದ ಸ್ಥಾನಗಳಲ್ಲೊಂದು ತೆರವಾದಾಗ ಅವಿರೋಧವಾಗಿ ಆಯ್ಕೆಯಾಗಿ, ಲೇಬರ್ ಸದಸ್ಯರಾಗಿ ಹೌಸ್ ಆಫ್ ಲಾರ್ಡ್ಸ್ ಸೇರಿದರು. ತಂದೆ ತ್ಯಜಿಸಿದ್ದನ್ನು ಮಗ ಒಪ್ಪಿಕೊಂಡದ್ದರಲ್ಲಿ ವಿರೋಧಾಭಾಸವನ್ನು ಹುಡುಕಿದವರಿದ್ದಾರೆ. 1963ರ ಕಾಯ್ದೆಯ ಏರ್ಪಾಡೇ ಅಂಥದ್ದು: ತಂದೆಯ ತೀರ್ಮಾನ ತಂದೆಯದು, ಮಗನ ತೀರ್ಮಾನಕ್ಕೆ ಮಗನಿಗೇ ಹನ್ನೆರಡು ತಿಂಗಳ ಕಾಲಾವಕಾಶ.